ಹೂದೋಟದ ನೆಲದಲ್ಲಿ ಗಾಜಿನ ಪೆಟ್ಟಿಗೆ: ಒಂದು ವಿಜ್ಞಾಪನೆ

ನಮ್ಮ ವಿದ್ಯಾಸಂಸ್ಥೆಯ ಮಹೋತ್ಸವದ ಅಂಗವಾಗಿ ಶಾಲೆಯ ಮುಂದಣ ಹೂದೋಟದಲ್ಲಿ ನೆಲವನ್ನು ಅಗೆದು, ನೀರು ತಾಗದಂಥ ಪೆಟ್ಟಿಗೆಯೊಂದನ್ನು ಕಟ್ಟಿ, ಅದಕ್ಕೆ ಗಾಜಿನ ಮುಚ್ಚಳ ಹೊದಿಸಿ, ಶಾಲೆಯ ಹಳೆಯ ವಸ್ತುಗಳನ್ನು ಅದರೊಳಗಿರಿಸಿ, ಮಕ್ಕಳೂ ಅತಿಥಿಗಳೂ ಬಗ್ಗಿ ನೋಡುವಂತೆ ಏರ್ಪಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಬಳಗದವರು ಸಂಕಲ್ಪಿಸಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಇದರ ವೆಚ್ಚವನ್ನು ವಹಿಸಿಕೊಳ್ಳಲು ಇಬ್ಬರು ಮಹನೀಯರು ತಾವಾಗಿಯೇ ಮುಂದೆ ಬಂದಿರುವುದು ಸಂತೋಷದ ಸಂಗತಿ. ಪೆಟ್ಟಿಗೆಯಲ್ಲಿ ಇರಿಸತಕ್ಕ ವಸ್ತುಗಳ ಯಾದಿಯೊಂದು ಸಿದ್ಧವಾಗಿದೆ. ಅದರ ತಲೆಯಲ್ಲಿಯೇ ನಮ್ಮ ಗ್ರಂಥಾಲಯದ ಹನ್ನೊಂದು ಓಲೆಗರಿಯ ಕಟ್ಟುಗಳೂ ಶಾಲೆಯ ಮೊದಲನೆಯ ಜನರಲ್ ರಜಿಸ್ಟರೂ ಕಾಣಿಸಿಕೊಂಡಿವೆ. ಆ ಕಟ್ಟುಗಳನ್ನು ಬಹುಕಾಲದಿಂದ ಬಿಚ್ಚಿ, ಧೂಳು ಕೊಡವಿ, ಮತ್ತೆ ಕಟ್ಟಿ ಇಡುತ್ತ ಬಂದಿರುವವನು ನಾನಾದುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಪೆಟ್ಟಿಗೆ ಆಗಲಿ, ಓಲೆಯ ಕಟ್ಟುಗಳೂ ರಜಿಸ್ಟರೂ ಅದರೊಳಗೆ ಹೋಗುವುದು ಬೇಡ. ನೆಲದೊಳಗೆ ಇರಿಸಿ ತೋರಿಸತಕ್ಕದ್ದು ನೆಲವು ಕೆಡಿಸಲಾರದ ವಸ್ತುವನ್ನು ಮಾತ್ರ. ಇಷ್ಟು ಹೇಳಿ ಮುಗಿಸಿದರೆ ಪಂಡಿತನು ತನ್ನ ಗಂಟನ್ನು ಬಿಡಲೊಲ್ಲನೆಂದು ದಾನಿಗಳು ಭಾವಿಸಿಯಾರು. ಆದಕಾರಣ ಕಾರಣಗಳನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ವ್ಯಾಕರಣ ಓದಿದವನಿಗೆ ಗಾರೆಕೆಲಸದ ಗೊಡವೆ ಏಕೆಂದು ಯಾರೂ ಕೇಳದಿರಲಿ. ನಮ್ಮ ಗೌಂಡಿಗಳನ್ನೂ, ಸ್ಥಾಪತ್ಯ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳನ್ನೂ ಕೇಳಿ ತಿಳಿದುಕೊಂಡೇ ಬರೆದಿದ್ದೇನೆ.

ಬಳಗದವರ ಉದ್ದೇಶದಲ್ಲಿ ದೋಷವಿಲ್ಲ. ಕಪಾಟಿನಲ್ಲಿ ಬೀಗ ಹಾಕಿದ ವಸ್ತುವನ್ನು ವರ್ಷಕ್ಕೆ ಹತ್ತು ಜನ ನೋಡುವುದಿಲ್ಲ. ತೋಟದ ನಡುವೆ ಗಾಜಿನಡಿಯಲ್ಲಿರುವುದನ್ನು ಪ್ರತಿದಿನವೂ ನೂರಾರು ಮಕ್ಕಳು ನೋಡುತ್ತಾರೆ. ನೆಲದೊಳಗೆ ಬಗ್ಗಿ ನೋಡುವುದರಲ್ಲಿ ಮಕ್ಕಳಿಗೆ ಒಂದು ವಿಶೇಷ ಕುತೂಹಲವೂ ಉಂಟು. ಗೋಡೆಗೆ ತೂಗುಹಾಕಿದ ಪಟವನ್ನು ದಾಟಿಹೋಗುವ ಹುಡುಗನು ಬಾವಿಯನ್ನು ಕಂಡರೆ ಇಣುಕದೆ ಹೋಗುವುದಿಲ್ಲ. ಆದರೆ ತೋರಿಸುವುದು, ಕಾಪಾಡುವುದು ಎಂಬ ಎರಡು ಕೆಲಸಗಳನ್ನು ಒಂದೇ ಪೆಟ್ಟಿಗೆಯಿಂದ ಮಾಡಿಸಬಹುದೆಂದು ಭಾವಿಸಿದಲ್ಲಿಯೇ ತೊಡಕು ಹುಟ್ಟಿದೆ.

ನಮ್ಮ ನಾಡಿನವರಿಗೆ ನೆಲದೊಳಗೆ ಪದಾರ್ಥವನ್ನಿಟ್ಟು ಕಾಪಾಡುವ ವಿದ್ಯೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಗೇವು ಎಂದೂ ಕೆಲವೆಡೆ ಹಗೆ ಎಂದೂ ಕರೆಯುವ ನೆಲಗುಳಿಗಳಿದ್ದವು. ಹಗೆ ಎಂಬ ಶಬ್ದಕ್ಕೆ ವೈರಿ ಎಂಬ ಅರ್ಥವೂ ಉಂಟು. ಅನ್ನವನ್ನು ಕಾಯುವ ಗುಳಿಗೂ ಕೊಲ್ಲುವ ಶತ್ರುವಿಗೂ ಒಂದೇ ರೂಪದ ಶಬ್ದ ಒದಗಿದ್ದು ಕಾಕತಾಳೀಯವೇ ಇರಬೇಕು, ಆದರೂ ಹಗೇವಿನ ಸ್ವಭಾವವನ್ನು ಬಲ್ಲವರಿಗೆ ಅದು ಅಷ್ಟೇನೂ ಅಸಂಗತವೆನಿಸದು. ಬಾಯಿ ಕಿರಿದು, ಹೊಟ್ಟೆ ಹಿರಿದು, ಮಣ್ಣಿನ ಕೊಡದಂಥ ಆಕಾರ. ಊರಲ್ಲಿ ಎತ್ತರದ ಜಾಗವನ್ನು, ಗಟ್ಟಿಯಾದ ನೆಲವನ್ನು ಆರಿಸಿ ತೋಡುತ್ತಿದ್ದರು. ಒಳಗೆ ಬೆಂಕಿ ಹಾಕಿ ಗೋಡೆಯನ್ನು ಒಣಗಿಸಿ, ಸುತ್ತಲೂ ಹುಲ್ಲನ್ನೋ ಜೋಳದ ದಂಟನ್ನೋ ಒತ್ತಾಗಿ ಹಾಸಿ, ಜೋಳ ತುಂಬಿ, ಮೇಲೆ ಹೊಟ್ಟು ಸುರಿದು, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿಬಿಡುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಅಲ್ಲಿದ್ದ ಪ್ರಾಣವಾಯುವನ್ನು ತೀರಿಸುತ್ತದೆ, ಅಂಗಾರಾಮ್ಲ ವಾಯು ತುಂಬುತ್ತದೆ, ನುಸಿಹುಳು ಸಾಯುತ್ತದೆ. ಹೀಗೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ತೆರೆದೊಡನೆ ಒಳಗಿಳಿದವನು ಮಾತ್ರ ಉಳಿಯುತ್ತಿರಲಿಲ್ಲ. ಅದಕ್ಕೆಂದೇ ಬಹಳ ಹೊತ್ತು ತೆರೆದಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವ ಪದ್ಧತಿ ಇತ್ತು.

ಈ ಹಗೇವಿನಿಂದ ನಾವು ಎರಡು ವಿಷಯಗಳನ್ನು ಗಮನಿಸಬೇಕು. ಹಗೇವಿನ ಗೋಡೆ ನೀರನ್ನು ತಡೆಯುವುದೆಂದು ಅದನ್ನು ತೋಡಿದವರು ಎಂದೂ ನಂಬಿರಲಿಲ್ಲ. ಅವರು ನೀರು ನಿಲ್ಲದ ಜಾಗವನ್ನು ನಂಬಿದರು. ಆ ಮೇಲೂ ಬರುವ ತೇವವನ್ನು ಹುಲ್ಲು ಹೀರಲಿ, ಗೋಡೆಯ ಅಂಚಿನ ಒಂದಷ್ಟು ಕಾಳು ಕಪ್ಪಾಗಿ ಕೆಡಲಿ, ನಡುವಿನದು ಉಳಿಯಲಿ ಎಂದು ಮೊದಲೇ ಲೆಕ್ಕ ಹಾಕಿದ್ದರು. ಹಗೇವಿನ ಜೋಳದ ವಾಸನೆಯನ್ನು ಬಲ್ಲ ಹಿರಿಯರು ನಮ್ಮ ವಾಚಕರಲ್ಲಿ ಇನ್ನೂ ಇದ್ದಾರೆ. ಎರಡನೆಯದಾಗಿ, ಹಗೇವು ಕತ್ತಲೆಯ ಗುಳಿ. ಅಲ್ಲಿ ನೋಡುವವರಿಲ್ಲ, ಗಾಜಿಲ್ಲ, ಬಿಸಿಲಿಲ್ಲ. ನಾವು ಮಾಡಹೊರಟಿರುವುದು ಬಿಸಿಲಿಗೆ ಕಣ್ಣು ತೆರೆದ ಹಗೇವನ್ನು. ಅಂಚಿನ ಜೋಳ ಕೆಟ್ಟರೆ ದನಕ್ಕೆ ಹಾಕಬಹುದು. ಓಲೆಯ ಕಟ್ಟಿನಲ್ಲಿ ಅಂಚಿನ ಗರಿ ಯಾವುದು, ನಡುವಿನ ಗರಿ ಯಾವುದು?

ಪ್ರಾಚೀನರು ಯಾವುದನ್ನು ಮಣ್ಣಿಗೆ ಒಪ್ಪಿಸಿದರು, ಯಾವುದನ್ನು ಒಪ್ಪಿಸಲಿಲ್ಲ ಎಂಬುದನ್ನೂ ನೋಡಬೇಕು. ದಾನದತ್ತಿಯನ್ನು ಆಚಂದ್ರಾರ್ಕವಾಗಿ ನಿಲ್ಲಿಸಬೇಕೆಂದಾಗ ಕಲ್ಲಿನ ಮೇಲೆ ಬರೆಸಿದರು, ಇಲ್ಲವೆ ತಾಮ್ರದ ಹಲಗೆಗಳ ಮೇಲೆ ಬರೆಸಿದರು. ಆ ತಾಮ್ರಪಟಗಳಲ್ಲಿ ಅನೇಕವು ಅಂಚನ್ನು ತುಸು ಎತ್ತರಿಸಿ ಮಾಡಿದವು. ಒಂದರ ಮೇಲೊಂದು ಉಜ್ಜಿ ಅಕ್ಷರ ಸವೆಯಬಾರದೆಂದು ಅಷ್ಟು ಎಚ್ಚರ. ಅವನ್ನು ಬಳೆಯಲ್ಲಿ ಪೋಣಿಸಿ ಮುದ್ರೆಯೊತ್ತಿ ಕೊಡುತ್ತಿದ್ದರು. ನೇಗಿಲಿನ ಮೊನೆಗೆ ಸಿಕ್ಕಿ ಮೇಲೆ ಬಂದಂಥ ಶಾಸನಗಳನ್ನು ಇಂದಿಗೂ ಓದಬಹುದು. ಹಂಪೆಯಲ್ಲಿ ಪ್ರಸನ್ನ ವಿರೂಪಾಕ್ಷನ ಗುಡಿ ಸುತ್ತಲಿನ ನೆಲದ ಮಟ್ಟಕ್ಕಿಂತ ಕೆಳಗಿದೆ. ಗರ್ಭಗುಡಿಯ ಸುತ್ತ ನೀರು ನಿಲ್ಲುತ್ತದೆ. ಕಲ್ಲು ಅದನ್ನು ಶತಮಾನಗಳಿಂದ ಸಹಿಸಿಕೊಂಡಿದೆ. ಓಲೆಯನ್ನು ಮಾತ್ರ ನಮ್ಮವರು ನೆಲದಿಂದ ಆದಷ್ಟು ಮೇಲಕ್ಕೆ ಒಯ್ದರು. ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ, ಬಟ್ಟೆ ಸುತ್ತಿ, ಬಜೆಯ ಬೇರನ್ನೋ ಬೇವಿನ ಎಲೆಯನ್ನೋ ಇಟ್ಟು ಕಾಪಾಡಿದರು. ವರ್ಷಕ್ಕೊಮ್ಮೆ ಬಿಚ್ಚಿ ಗಾಳಿಗಿಟ್ಟರು. ಕೆಟ್ಟುಹೋಗುವ ಮುನ್ನ ಪ್ರತಿ ಮಾಡಿದರು. ನಮಗೆ ಹಳಗನ್ನಡದ ಕಾವ್ಯಗಳು ದಕ್ಕಿದ್ದು ಹೀಗೆ ಮತ್ತೆ ಮತ್ತೆ ಪ್ರತಿ ಮಾಡಿದ ಲಿಪಿಕಾರರಿಂದ, ಹೂಳಿಟ್ಟವರಿಂದ ಅಲ್ಲ.

ಇಲ್ಲಿ ಓದಿಕೊಂಡವರೊಬ್ಬರು ಆಕ್ಷೇಪವೆತ್ತಬಹುದು. ೧೯೦೦ರಲ್ಲಿ ಡುನ್‌ಹುವಾಂಗಿನ ಗುಹೆಯಲ್ಲಿ ಸಾವಿರಾರು ಹಸ್ತಪ್ರತಿಗಳು ದೊರೆಯಲಿಲ್ಲವೆ? ೧೯೩೧ರಲ್ಲಿ ಗಿಲ್ಗಿತ್ತಿನ ಸ್ತೂಪದೊಳಗೆ ಭೂರ್ಜಪತ್ರದ ಗ್ರಂಥಗಳು ದೊರೆಯಲಿಲ್ಲವೆ? ೧೯೪೭ರಿಂದೀಚೆಗೆ ಮೃತಸಮುದ್ರದ ಬಳಿಯ ಗವಿಗಳಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಸುರುಳಿಗಳು ದೊರೆಯಲಿಲ್ಲವೆ? ದೊರೆತವು. ಆದರೆ ಒಂದು ಮರುಭೂಮಿಯ ಅಂಚು, ಇನ್ನೊಂದು ಒಣಗಾಳಿಯ ತಣ್ಣನೆಯ ಬೆಟ್ಟಗಾಡು, ಮತ್ತೊಂದು ಮಳೆಯೇ ಅಪರೂಪವಾದ ಸೀಮೆ. ನಮ್ಮದು ಜೂನಿನಿಂದ ಅಕ್ಟೋಬರದವರೆಗೆ ತೊಯ್ದು ಕೆಸರಾಗಿ, ಏಪ್ರಿಲಿನಲ್ಲಿ ಬಾಯಿ ಬಿಡುವ ಎರೆನೆಲ. ಅಲ್ಲಿಯ ದೃಷ್ಟಾಂತ ಇಲ್ಲಿಗೆ ಸಲ್ಲದು.

ಈ ಕಾಲದ ಸಿಮೆಂಟು ಉಕ್ಕುಗಳಿಂದ ಮಳೆನಾಡಿನಲ್ಲಿಯೂ ನೀರು ಸೋಕದ ಗುಳಿಯನ್ನು ಮಾಡಬಹುದಲ್ಲ ಎಂಬುದು ಬಳಗದ ಯುವಕರ ವಾದ. ಹಾಗೆಯೇ ನಂಬಿ ಮಾಡಿದವರ ಕಥೆಯೊಂದು ಅಮೆರಿಕದಲ್ಲಿ ನಡೆದಿದೆ. ಅದನ್ನು ತುಸು ವಿವರವಾಗಿಯೇ ಹೇಳಬೇಕು. ಒಕ್ಲಹೋಮಾ ಎಂಬ ಸಂಸ್ಥಾನಕ್ಕೆ ಐವತ್ತು ವರ್ಷ ತುಂಬಿದಾಗ, ಎಂದರೆ ೧೯೫೭ನೆಯ ಜೂನ್ ತಿಂಗಳಲ್ಲಿ, ಅಲ್ಲಿನ ಟಲ್ಸಾ ನಗರದವರು ನ್ಯಾಯಾಲಯದ ಮುಂದಿನ ನೆಲದಲ್ಲಿ ಕಾಂಕ್ರೀಟಿನ ನೆಲಮಾಳಿಗೆಯನ್ನು ಕಟ್ಟಿ, ಪ್ಲಿಮತ್ ಬೆಲ್ವೆಡೀರ್ ಎಂಬ ಹೊಚ್ಚಹೊಸ ಮೋಟಾರು ಕಾರನ್ನು ಅದರೊಳಗಿಳಿಸಿ ಮುಚ್ಚಿದರು. ಅಣುಬಾಂಬಿನ ಭೀತಿಯ ಕಾಲವದು. ಬಾಂಬು ಬಿದ್ದರೂ ತಡೆಯುವಂಥ ಗುಳಿಯೆಂದು ಹೇಳಿಕೊಂಡರು. ಕಾರಿಗೆ ತುಕ್ಕು ಹಿಡಿಯದ ಲೇಪ ಹಚ್ಚಿ, ಹೊದಿಕೆ ಸುತ್ತಿ ಇಟ್ಟಿದ್ದರು. ಐವತ್ತು ವರ್ಷದ ಮೇಲೆ ಪೆಟ್ರೋಲು ಸಿಗುವುದೋ ಇಲ್ಲವೋ ಎಂದು ಒಂದಷ್ಟು ಪೆಟ್ರೋಲನ್ನೂ ಜೊತೆಗಿಟ್ಟರು! ೨೦೦೭ರಲ್ಲಿ ನಗರದ ಜನಸಂಖ್ಯೆ ಎಷ್ಟಿರುವುದೆಂದು ನಿಕಟವಾಗಿ ಊಹಿಸಿದವನಿಗೆ ಆ ಕಾರು ಬಹುಮಾನವೆಂದು ಸಾರಿದ್ದರು.

ಐವತ್ತು ವರ್ಷ ಕಳೆದು ೨೦೦೭ನೆಯ ಜೂನಿನಲ್ಲಿ ಮುಚ್ಚಳ ತೆಗೆದಾಗ ಗುಳಿಯಲ್ಲಿ ಹಲವು ಅಡಿ ನೀರು ನಿಂತಿತ್ತು. ಸಾವಿರಾರು ಜನ ಸೇರಿ ನೋಡುತ್ತಿದ್ದಂತೆ ಹೊದಿಕೆ ಬಿಚ್ಚಿದರೆ ಬಂಗಾರದ ಬಣ್ಣದ ಕಾರು ತುಕ್ಕು ಕೆಸರುಗಳ ಮುದ್ದೆಯಾಗಿತ್ತು. ಸರಿಯಾಗಿ ಊಹಿಸಿದ ಮನುಷ್ಯನು ಅಷ್ಟರಲ್ಲಿ ತೀರಿಹೋಗಿದ್ದನು. ಬಹುಮಾನ ಅವನ ಸೋದರಿಯರಿಗೆ ಸಂದಿತು. ಇಷ್ಟೇ ಆಗಿದ್ದರೆ ನಾನು ಈ ಕಥೆಯನ್ನು ಇಲ್ಲಿ ಹೇಳುತ್ತಿರಲಿಲ್ಲ. ಅದೇ ಗುಳಿಯಲ್ಲಿ ಕಾರಿನ ಪಕ್ಕಕ್ಕೆ ಬಿಗಿಯಾಗಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಂದಿತ್ತು. ಅದರೊಳಗಿದ್ದ ಬಾವುಟವೂ ಕಾಗದಪತ್ರಗಳೂ ಒಳ್ಳೆಯ ಸ್ಥಿತಿಯಲ್ಲಿಯೇ ಹೊರಬಂದವು. ದೊಡ್ಡ ಗುಳಿ ನೀರನ್ನು ತಡೆಯಲಿಲ್ಲ. ಗುಳಿಯೊಳಗಣ ಚಿಕ್ಕ ಪೆಟ್ಟಿಗೆ ತಡೆಯಿತು. ಈ ಎರಡನೆಯ ಅಂಶವನ್ನು ನಮ್ಮ ಗೌಂಡಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹೂಳಿ ಮುಚ್ಚಿಬಿಡುವುದಕ್ಕಿಂತ ಗಾಜಿನಡಿಯಲ್ಲಿ ತೋರಿಸುವುದು ಮೇಲೆಂಬುದನ್ನು ನಾನೂ ಒಪ್ಪುತ್ತೇನೆ. ದಿಲ್ಲಿಯ ಕೆಂಪುಕೋಟೆಯಲ್ಲಿ ೧೯೭೩ರ ಆಗಸ್ಟ್ ೧೫ರಂದು ಹೂಳಿದ ಕಾಲಪಾತ್ರೆಯನ್ನು, ಸಾವಿರ ವರ್ಷದ ಮಾತು ಹಾಗಿರಲಿ, ೧೯೭೭ರಲ್ಲಿಯೇ ಅಗೆದು ತೆಗೆದರು. ಒಳಗೆ ಯಾರ ಗುಣಗಾನ ಬರೆದಿದ್ದಾರೋ ಎಂಬ ಶಂಕೆಯೇ ಅದಕ್ಕೆ ಕಾರಣ. ಕಣ್ಣಿಗೆ ಕಾಣುವ ವಸ್ತುವಿನ ಬಗೆಗೆ ಇಂಥ ವಿವಾದ ಹುಟ್ಟುವುದಿಲ್ಲ.

ಇನ್ನು ಗಾಜಿನ ಮಾತಿಗೆ ಬರೋಣ. ನೆಲದೊಳಗಣ ಪೆಟ್ಟಿಗೆಗೆ ಹೊರಗಿನ ಮಳೆನೀರು ಒಂದೇ ಶತ್ರುವೆಂದು ಎಲ್ಲರೂ ತಿಳಿದಂತಿದೆ. ಒಳಗಿನ ಗಾಳಿಯಲ್ಲಿಯೇ ನೀರು ಅಡಗಿರುತ್ತದೆ. ಮೂವತ್ತು ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು; ಇಪ್ಪತ್ತು ಡಿಗ್ರಿಗೆ ಇಳಿದರೆ ಸುಮಾರು ೧೭ ಗ್ರಾಂ ಮಾತ್ರ. ಉಳಿದದ್ದು ಹನಿಯಾಗಿ ಎಲ್ಲಿ ತಣ್ಣಗಿದೆಯೋ ಅಲ್ಲಿ ಕೂಡುತ್ತದೆ. ನೆಲದ ಗೋಡೆಯೂ ತಳವೂ ಹಗಲಿನಲ್ಲಿ ಮೇಲಿನ ಗಾಳಿಗಿಂತ ತಂಪು. ರಾತ್ರಿಯಲ್ಲಿ ಬಯಲಿಗೆ ಮುಖವೊಡ್ಡಿದ ಗಾಜು ಎಲ್ಲಕ್ಕಿಂತ ತಂಪು. ಹೀಗಾಗಿ ಹಗಲು ಗೋಡೆಯ ಮೇಲೆ ಬೆವರು, ರಾತ್ರಿ ಗಾಜಿನ ಒಳಮೈಗೆ ಇಬ್ಬನಿ. ಬೆಳಗ್ಗೆ ಬಿಸಿಲೇರಿದಾಗ ಅದೇ ಹನಿ ಕೆಳಗಿನ ವಸ್ತುವಿನ ಮೇಲೆ ತೊಟ್ಟಿಕ್ಕುತ್ತದೆ. ನೆರೆಯ ಊರೊಂದರ ಸಂಸ್ಥೆಯಲ್ಲಿ, ಹೆಸರು ಬೇಡ, ಇಂಥದೇ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯಗಳನ್ನೂ ಛಾಯಾಚಿತ್ರಗಳನ್ನೂ ಇಟ್ಟಿದ್ದರು. ಎರಡನೆಯ ವರ್ಷ ನಾನು ಹೋಗಿ ನೋಡಿದಾಗ ಗಾಜಿನ ಮೇಲೆ ಮಂಜು ಮುಸುಕಿ ಒಳಗೇನಿದೆಯೆಂದು ತಿಳಿಯುವಂತಿರಲಿಲ್ಲ. ಕೆಳಗೆ ಅಂಟಿಸಿದ್ದ ಚೀಟಿಗಳು ಬಿಟ್ಟುಕೊಂಡಿದ್ದವು. ಛಾಯಾಚಿತ್ರದಲ್ಲಿದ್ದ ಸಂಸ್ಥಾಪಕರ ಮುಖದ ಮೇಲೆ ಬೂಷ್ಟು ಬೆಳೆದಿತ್ತು. ಪೆಟ್ಟಿಗೆಗೆ ಒಂದು ಹನಿ ಮಳೆನೀರೂ ಹೋಗಿರಲಿಲ್ಲವೆಂದು ಅಲ್ಲಿನವರು ಹೆಮ್ಮೆಯಿಂದಲೇ ಹೇಳಿದರು.

ಹಾಗಾದರೆ ತೇವವನ್ನು ಹೀರುವ ಸಿಲಿಕಾ ಜೆಲ್ ಎಂಬ ಹರಳುಗಳನ್ನು ಯಥೇಚ್ಛವಾಗಿ ಇಟ್ಟುಬಿಡೋಣವೆಂದರೆ ಓಲೆಗೆ ಅದೂ ಹಿತವಲ್ಲ. ಗಾಳಿಯ ಆರ್ದ್ರತೆ ನೂರಕ್ಕೆ ಅರವತ್ತೈದು ಎಪ್ಪತ್ತನ್ನು ಮೀರಿದರೆ ಓಲೆಗೆ ಬೂಷ್ಟು ಹತ್ತುತ್ತದೆ, ಗರಿಗೆ ಗರಿ ಅಂಟಿಕೊಳ್ಳುತ್ತದೆ. ಬಹಳ ಕೆಳಗಿಳಿದರೆ ಗರಿ ಬಿರುಸಾಗಿ, ಬೆರಳು ತಾಗಿದರೆ ಮುರಿಯುತ್ತದೆ. ಐವತ್ತರಿಂದ ಅರವತ್ತರ ನಡುವೆ ಸ್ಥಿರವಾಗಿ ನಿಲ್ಲಿಸುವುದು ವಿದ್ಯುತ್ ಯಂತ್ರಗಳುಳ್ಳ ದೊಡ್ಡ ಸಂಗ್ರಹಾಲಯಗಳಿಗೇ ಶ್ರಮದ ಕೆಲಸ. ಹೂದೋಟದ ಗುಳಿಯಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಬಿಸಿಲಿಗೆ ಕಾಗದವೂ ಶಾಯಿಯೂ ಮಾಸುವುದನ್ನಂತೂ ಬೇರೆ ಹೇಳಬೇಕಾಗಿಲ್ಲ.

ಆದರೂ ಪೆಟ್ಟಿಗೆಯನ್ನು ಸರಿಯಾಗಿ ಕಟ್ಟುವುದಕ್ಕೆ ದಾರಿಯುಂಟು. ಮೊದಲನೆಯದು ಜಾಗದ ಮಾತು. ಈಗ ಗುರುತು ಹಾಕಿರುವುದು ಬೇವಿನ ಮರದ ಪಕ್ಕ, ಮಾಳಿಗೆಯ ದೋಣಿಯ ನೀರು ಬೀಳುವ ಇಳಿಜಾರಿನ ಕೊನೆಯಲ್ಲಿ. ಇದಕ್ಕಿಂತ ಕೆಟ್ಟ ಜಾಗ ಇಡೀ ತೋಟದಲ್ಲಿಲ್ಲ. ಮರದ ಬೇರು ನೀರನ್ನು ಹುಡುಕಿಕೊಂಡು ಬಂದು ಗೋಡೆಯನ್ನು ಸೀಳುತ್ತದೆ. ಬಾವುಟದ ಕಂಬದ ಬಳಿಯ ದಿಣ್ಣೆ ಉತ್ತಮ. ಅಲ್ಲಿಂದ ಹಳ್ಳದ ಕಡೆಗೆ ನೆಲ ಸಹಜವಾಗಿಯೇ ಇಳಿಯುತ್ತದೆ. ಅಲ್ಲಿಯೂ ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ವರ್ಷ ವರ್ಷವೂ ಹಿಂಡಿ ಬಿಡುವ ಈ ಕೈಯೊಳಗೆ ಯಾವ ಗೋಡೆಯೂ ಬಹುಕಾಲ ಬಿರುಕಿಲ್ಲದೆ ನಿಲ್ಲದು. ಆದ್ದರಿಂದ ಪೆಟ್ಟಿಗೆಯ ಸುತ್ತಲೂ ಕೆಳಗೂ ಒಂದೂವರೆ ಎರಡು ಅಡಿಯಷ್ಟು ಎರೆಯನ್ನು ತೆಗೆದುಹಾಕಿ, ಗರಸನ್ನು ತುಂಬಿ ಧುಮ್ಮಸು ಹೊಡೆಯಬೇಕು.

ಗರಸಿನ ಗುಳಿ ಸುತ್ತಲಿನ ನೀರನ್ನೆಲ್ಲ ತನ್ನಲ್ಲಿ ಕೂಡಿಸಿಕೊಳ್ಳುವ ಅಪಾಯವುಂಟು. ಆದಕಾರಣ ತಳದಲ್ಲಿ ಅರ್ಧ ಅಡಿ ಖಡಿಯನ್ನು ಹಾಸಿ, ಅದರೊಳಗೆ ತೂತುಗಳುಳ್ಳ ಕೊಳವೆಯನ್ನಿಟ್ಟು ಹಳ್ಳದ ಕಡೆಗೆ ಹರಿಯುವಂತೆ ತೆರೆದುಬಿಡತಕ್ಕದ್ದು. ನನ್ನ ತಿಳಿವಳಿಕೆಯಂತೆ ಈ ಕೆಲಸದಲ್ಲಿ ಅತಿ ಮುಖ್ಯವಾದದ್ದು ಸಿಮೆಂಟೂ ಅಲ್ಲ, ಗಾಜೂ ಅಲ್ಲ, ಈ ಕೊಳವೆಯೇ. ನೀರಿಗೆ ಹೋಗಲು ದಾರಿ ಕೊಟ್ಟರೆ ಅದು ಹೋಗುತ್ತದೆ. ಕೊಡದಿದ್ದರೆ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹೊರಗೆ ನಿಂತ ನೀರು ಗೋಡೆಯನ್ನು ಒತ್ತುವುದಲ್ಲದೆ ಪೆಟ್ಟಿಗೆಯನ್ನು ಮೇಲಕ್ಕೂ ಎತ್ತುತ್ತದೆ ಎಂಬುದನ್ನು ಕೇಳಿ ನಮ್ಮ ಗೌಂಡಿಗಳು ನಕ್ಕರು. ಲೆಕ್ಕ ಹೀಗಿದೆ. ಬಳಗದವರು ನಿಶ್ಚಯಿಸಿರುವ ಒಳ ಅಳತೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ. ಸುಮಾರು ಒಂದು ಘನ ಮೀಟರ್. ಆರು ಅಂಗುಲ ದಪ್ಪದ ಗೋಡೆಯೂ ತಳವೂ ಸೇರಿದರೆ ಹೊರಗಿನ ಗಾತ್ರ ಎರಡು ಘನ ಮೀಟರಿನಷ್ಟಾಗುತ್ತದೆ. ಸುತ್ತಲೂ ನೀರು ತುಂಬಿ ನಿಂತರೆ ಅದು ಎರಡು ಸಾವಿರ ಕಿಲೋಗ್ರಾಂ ಬಲದಿಂದ ಮೇಲಕ್ಕೆತ್ತುತ್ತದೆ. ಕಾಂಕ್ರೀಟಿನ ತೂಕ ಎರಡು ಸಾವಿರದ ಮುನ್ನೂರರಷ್ಟು. ಆದ್ದರಿಂದ ಹೇಗೋ ಕೂತಿರುತ್ತದೆ. ಯಾರೋ ಸೂಚಿಸಿದಂತೆ ಸಿದ್ಧವಾಗಿ ಸಿಗುವ ಪ್ಲಾಸ್ಟಿಕ್ಕಿನ ತೊಟ್ಟಿಯನ್ನೇ ಹೂಳಿದರೆ ಒಂದು ಒಳ್ಳೆಯ ಮಳೆಗೆ ಅದು ದೋಣಿಯಂತೆ ಮೇಲೇಳುವುದರಲ್ಲಿ ಸಂದೇಹವಿಲ್ಲ.

ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಸಣ್ಣ ಖಡಿ. ಒಳಗೆ ಕಬ್ಬಿಣದ ಸರಳು. ತಳವನ್ನೂ ಗೋಡೆಗಳನ್ನೂ ಸಾಧ್ಯವಾದರೆ ಒಂದೇ ದಿನ ಎರಕ ಹೊಯ್ಯಬೇಕು. ಎರಡು ವಾರ ನೀರುಣಿಸಬೇಕು. ಹಿಂದಿನವರು ಸುಣ್ಣದ ಗಾರೆಗೆ ಬೆಲ್ಲವನ್ನೂ ಅಳಲೆಕಾಯಿಯ ನೀರನ್ನೂ ಸೇರಿಸಿ ತಿಂಗಳುಗಟ್ಟಲೆ ಅರೆದರು. ಎರಡು ವಾರ ತಾಳ್ಮೆ ನಮಗೂ ಇರಲಿ. ನೀರು ತಡೆಯುವ ಲೇಪವನ್ನು ಗೋಡೆಯ ಹೊರಮೈಗೆ ಬಳಿಯಬೇಕೇ ಹೊರತು ಒಳಮೈಗೆ ಮಾತ್ರವೇ ಅಲ್ಲ. ಹೊರಗೆ ಬಳಿದರೆ ನೀರಿನ ಒತ್ತಡ ಲೇಪವನ್ನು ಗೋಡೆಗೆ ಅದುಮುತ್ತದೆ. ಒಳಗೆ ಬಳಿದರೆ ಅದೇ ಒತ್ತಡ ಕಿತ್ತುಹಾಕುತ್ತದೆ. ಮಣ್ಣು ಮುಚ್ಚುವ ಮುನ್ನ ಪೆಟ್ಟಿಗೆಯೊಳಗೆ ನೀರು ತುಂಬಿ ಮೂರು ದಿನ ಬಿಟ್ಟು ಹೊರಮೈಯಲ್ಲಿ ತೇವ ಕಾಣುವುದೇ ಎಂದು ನೋಡತಕ್ಕದ್ದು.

ಗಾಜನ್ನು ನೆಲದ ಮಟ್ಟಕ್ಕೆ ಸಮವಾಗಿ ಕೂಡಿಸುವ ಆಸೆಯನ್ನು ಬಿಡಬೇಕು. ಗೋಡೆಯನ್ನು ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ತಂದು, ಬಾವಿಯ ಕಟ್ಟೆಯಂತೆ ಸುತ್ತಲೂ ಶಹಾಬಾದಿನ ಫರಸಿಯನ್ನು ಇಳಿಜಾರಾಗಿ ಹಾಸಿ, ಗಾಜನ್ನು ಉತ್ತರಕ್ಕೆ ಓರೆಯಾಗಿ ಕೂಡಿಸಿದರೆ ಮಳೆಯೂ ಜಾರಿಹೋಗುತ್ತದೆ, ಮಕ್ಕಳು ಅದರ ಮೇಲೆ ಹತ್ತಿ ಕುಣಿಯುವ ಭಯವೂ ತಗ್ಗುತ್ತದೆ. ಹತ್ತು ಮಿಲಿಮೀಟರಿನ ಎರಡು ಪದರಗಳ, ಒಡೆದರೂ ಚೂರಾಗಿ ಬೀಳದ ಗಾಜಾಗಬೇಕು. ಅದರ ತೂಕವೇ ಐವತ್ತು ಕಿಲೋ ದಾಟುವುದರಿಂದ ಕೀಲಿನ ಚೌಕಟ್ಟನ್ನು ಅದಕ್ಕೆ ತಕ್ಕಂತೆ ಮಾಡಿಸಬೇಕು. ತೆಗೆಯಲು ಬಾರದ ಮುಚ್ಚಳ ಸರ್ವಥಾ ಕೂಡದು. ನೇರ ಬಿಸಿಲು ತಾಗದಂತೆ ಮೇಲೊಂದು ಚಪ್ಪರವಿದ್ದರೆ ಮಲ್ಲಿಗೆಯ ಬಳ್ಳಿಗೂ ಆಸರೆಯಾದೀತು.

ಇಷ್ಟಾದ ಮೇಲೂ ಈ ಕಾಂಕ್ರೀಟಿನ ಗುಳಿ ಪೂರ್ತಿ ಒಣಗಿರುವುದೆಂದು ನಂಬಬಾರದು. ಸೊಳ್ಳೆಯ ಜಾಳಿಗೆ ಹಾಕಿದ ಎರಡು ಗಾಳಿಕೊಳವೆಗಳನ್ನು, ಒಂದನ್ನು ತಳದ ಹತ್ತಿರದಿಂದ, ಇನ್ನೊಂದನ್ನು ಗಾಜಿನ ಕೆಳಗಿನಿಂದ ಹೊರತಂದು, ಗುಳಿ ಉಸಿರಾಡುವಂತೆ ಬಿಡಬೇಕು. ತಳದ ಮೂಲೆಯಲ್ಲಿ ಒಂದು ಸಣ್ಣ ತಗ್ಗನ್ನು ಮಾಡಿ ಬೆವರಿನ ನೀರು ಅಲ್ಲಿಗೆ ಹರಿಯುವಂತೆ ಮಾಡಬೇಕು. ನಾಜೂಕಾದ ವಸ್ತುವೇನಾದರೂ ಇದ್ದರೆ ಅದನ್ನು ಟಲ್ಸಾದ ಉಕ್ಕಿನ ಪೆಟ್ಟಿಗೆಯಂತೆ, ರಬ್ಬರಿನ ಪಟ್ಟಿಯಿಂದ ಬಿಗಿದ ಬೇರೊಂದು ಗಾಜಿನ ಸಂಪುಟದಲ್ಲಿಟ್ಟು, ಹರಳುಗಳ ಚೀಲವನ್ನೂ ಅದರಲ್ಲಿರಿಸಿ, ಕಲ್ಲಿನ ಪೀಠದ ಮೇಲೆ ನಿಲ್ಲಿಸಬೇಕು. ಹೊರಗುಳಿ ನೀರನ್ನು ಸಾಗಿಸಲಿ, ಒಳಸಂಪುಟ ತೇವವನ್ನು ತಡೆಯಲಿ.

ಯಾವುದನ್ನು ಇಡಬಹುದೆಂಬ ಪ್ರಶ್ನೆಗೆ ಉತ್ತರ ನಮ್ಮ ಅಂಗಳದಲ್ಲಿಯೇ ಬಿದ್ದಿದೆ. ಹೊಸ ಕೋಣೆಗಳ ಬುನಾದಿ ತೋಡುವಾಗ ಸಿಕ್ಕ ಮಡಕೆಯ ಚೂರುಗಳು ಗೋಣಿಚೀಲದಲ್ಲಿ ಮೂಲೆ ಸೇರಿವೆ. ಅವುಗಳ ವಯಸ್ಸನ್ನು ಬಲ್ಲವರಿಂದ ತಿಳಿದು ಚೀಟಿ ಬರೆಸಬೇಕು. ಚೀಟಿಯೂ ಕಾಗದದ್ದಾಗದೆ ಕೊರೆದ ಹಿತ್ತಾಳೆಯ ತಗಡಾಗಿರಲಿ. ಶಾಲೆಯ ಮೊದಲ ಗಂಟೆ, ಪ್ರಸಾದ ನಿಲಯದ ಹಳೆಯ ಬೀಸುವ ಕಲ್ಲು, ಕಲ್ಲಿನ ಪಾಟಿ, ಹಿತ್ತಾಳೆಯ ದೌತಿ, ಹಂಚು, ಇವೆಲ್ಲ ತೇವಕ್ಕೆ ಹೆದರುವವಲ್ಲ. ಓಲೆಯ ಮೇಲೆ ಬರೆಯುವ ಉಕ್ಕಿನ ಕಂಠ ಒಳಸಂಪುಟದಲ್ಲಿರಲಿ. ನನಗೆ ಎಲ್ಲಕ್ಕಿಂತ ಪ್ರಿಯವಾಗಿ ತೋರುವುದು ಪೆಟ್ಟಿಗೆಯ ಒಂದು ಪಕ್ಕಕ್ಕೆ ಗಾಜಿನ ಹಿಂದೆ ನಮ್ಮ ನೆಲದ ಪದರಗಳನ್ನೇ ಇದ್ದ ಕ್ರಮದಲ್ಲಿ ತೋರಿಸುವುದು: ಮೇಲೆ ಎರೆ, ಅದರ ಕೆಳಗೆ ಸುಣ್ಣದ ಹರಳು ಬೆರೆತ ಮಣ್ಣು, ಆಮೇಲೆ ಗರಸು. ಅದರ ಪಕ್ಕಕ್ಕೆ ಕುಂಬಾರರಿಂದ ಮಾಡಿಸಿದ ಹಗೇವಿನ ಸೀಳುಮಾದರಿಯೊಂದಿರಲಿ. ಜೋಳ ಬೆಳೆಯುವವರ ಮಕ್ಕಳೇ ಇಂದು ಹಗೇವನ್ನು ಕಂಡಿಲ್ಲ. ಓಲೆಗರಿಯನ್ನೂ ತೋರಿಸಲೇಬೇಕೆಂದರೆ ಒಂದು ಗರಿಯ ಅಕ್ಷರಗಳನ್ನು ಇದ್ದಂತೆಯೇ ತಾಮ್ರದ ಪಟ್ಟಿಯ ಮೇಲೆ ಕೊರೆಸಬಹುದು. ಲಿಪಿಯನ್ನು ತಿದ್ದಿಕೊಡುವ ಭಾರ ನನ್ನದು.

ಇನ್ನು ಆ ಹನ್ನೊಂದು ಕಟ್ಟುಗಳ ಗತಿಯೇನು? ಅವುಗಳಲ್ಲಿ ವಚನಗಳ ಕಟ್ಟು ಮೂರು, ಷಟ್ಪದಿ ಕಾವ್ಯಗಳು ಐದು, ವೈದ್ಯಗ್ರಂಥ ಎರಡು, ಮೊದಲೂ ಕೊನೆಯೂ ಇಲ್ಲದ ವ್ಯಾಕರಣವೊಂದು. ಹಳ್ಳಿಯ ಮನೆತನದವರು ಅಟ್ಟದಿಂದ ಇಳಿಸಿ, ಇಲ್ಲಿ ಓದುವವರಿದ್ದಾರೆಂದು ನಂಬಿ ತಂದೊಪ್ಪಿಸಿದವು. ೧೯೦೫ರಲ್ಲಿ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆಯ ಕಟ್ಟಿನಿಂದ ಕೌಟಿಲ್ಯನ ಅರ್ಥಶಾಸ್ತ್ರ ಬೆಳಕಿಗೆ ಬಂದಿತು; ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ೧೯೦೯ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಕಟ್ಟುಗಳಲ್ಲಿ ಅಂಥದು ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಆ ವ್ಯಾಕರಣದ ಕಟ್ಟನ್ನು ಈ ತನಕ ಆದ್ಯಂತವಾಗಿ ಓದಿದವರು ಯಾರೂ ಇಲ್ಲ. ಓದುವ ಮುನ್ನವೇ ಅದನ್ನು ಗಾಜಿನಡಿಗೆ ಸೇರಿಸಿದರೆ ಮಕ್ಕಳಿಗೆ ಕಾಣುವುದು ಮೇಲಿನ ಒಂದು ಗರಿ ಮಾತ್ರ. ರಜಿಸ್ಟರಿನ ಮಾತೂ ಹೀಗೆಯೇ. ಅಜ್ಜನ ಹೆಸರನ್ನೂ ಜನ್ಮದಿನಾಂಕವನ್ನೂ ಉತಾರೆ ಮಾಡಿಸಿಕೊಳ್ಳಲು ಈಗಲೂ ಜನ ಬರುತ್ತಾರೆ. ಅನೇಕರಿಗೆ ಬೇರೆ ಆಧಾರವೇ ಇಲ್ಲ.

ಆದಕಾರಣ ದಾನಿಗಳಲ್ಲಿ ನನ್ನ ವಿಜ್ಞಾಪನೆಯೆಂದರೆ, ಸಂಕಲ್ಪಿಸಿದ ಹಣದಲ್ಲಿ ಅರ್ಧವನ್ನು ಪೆಟ್ಟಿಗೆಗೂ ಉಳಿದರ್ಧವನ್ನು ಗ್ರಂಥಾಲಯದ ಮಾಳಿಗೆಯ ಕೋಣೆಗೂ ಹಂಚಬೇಕು. ಕೋಣೆಯ ಸೋರಿಕೆಯನ್ನು ನಿಲ್ಲಿಸಿ, ಗೋಡೆಗೆ ತಾಗದಂತೆ ಕಪಾಟುಗಳನ್ನಿರಿಸಿ, ಕಟ್ಟುಗಳನ್ನು ನಿಂಬೆಹುಲ್ಲಿನ ಎಣ್ಣೆಯಿಂದ ಶುದ್ಧಗೊಳಿಸಿ, ಪ್ರತಿಯೊಂದು ಗರಿಯ ಎರಡೂ ಮಗ್ಗುಲನ್ನು ಗಣಕಯಂತ್ರದಲ್ಲಿ ಚಿತ್ರವಾಗಿ ಉಳಿಸುವುದಕ್ಕೆ ಅಷ್ಟು ಸಾಕಾಗುತ್ತದೆಂದು ವಿಚಾರಿಸಿ ತಿಳಿದಿದ್ದೇನೆ. ಭಾರತ ಸರಕಾರವು ೨೦೦೩ರಲ್ಲಿ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿತ್ತು. ೨೦೨೫ರಲ್ಲಿ ಜ್ಞಾನ ಭಾರತಂ ಎಂಬ ಹೆಸರಿನ ಯೋಜನೆಯನ್ನು ಸಾರಿದೆ. ಅಲ್ಲಿಗೂ ಬರೆದು ನೆರವನ್ನು ಕೇಳಬಹುದು. ಮಾಳಿಗೆಯ ಕೋಣೆಯ ಮೇಲೆ ದಾನಿಗಳ ಹೆಸರಿನ ಫಲಕವನ್ನು ಹಾಕಲು ಯಾರ ಅಡ್ಡಿಯೂ ಇರಲಾರದು.

ಕೊನೆಗೊಂದು ಕಾರ್ಯಕ್ರಮದ ವಿಷಯ. ಅಗೆತವನ್ನು ಫೆಬ್ರುವರಿಯಲ್ಲಿ ಆರಂಭಿಸಿ ಏ‍ಪ್ರಿಲಿನೊಳಗೆ ಮುಗಿಸುವುದು ಒಳ್ಳೆಯದು. ಆದರೆ ಉದ್ಘಾಟನೆಯನ್ನು ಆಗಲೇ ಮಾಡುವ ಆತುರ ಬೇಡ. ಮೊದಲ ಮಳೆಗಾಲವೆಲ್ಲ ಪೆಟ್ಟಿಗೆ ಬರಿದಾಗಿರಲಿ. ಒಳಗೆ ಒಂದು ಬಟ್ಟಲು ಹರಳುಪ್ಪು, ಒಂದು ಹಾಳೆ ಕಾಗದ, ಇಷ್ಟನ್ನು ಮಾತ್ರ ಇಡೋಣ. ಆರ್ದ್ರತೆ ನೂರಕ್ಕೆ ಎಪ್ಪತ್ತೈದರ ಸುಮಾರಿಗೆ ಏರಿದರೆ ಉಪ್ಪು ನೀರಾಗತೊಡಗುತ್ತದೆ. ಎಂಟನೆಯ ತರಗತಿಯ ಮಕ್ಕಳು ವಾರಕ್ಕೊಮ್ಮೆ ಬಂದು ಗಾಜಿನ ಮೂಲಕ ನೋಡಿ, ಉಪ್ಪು ಹೇಗಿದೆ, ಗಾಜಿಗೆ ಮಂಜು ಕವಿದಿದೆಯೇ, ಕೊಳವೆಯ ಬಾಯಲ್ಲಿ ನೀರು ಹರಿಯುತ್ತಿದೆಯೇ ಎಂಬುದನ್ನು ಒಂದು ವಹಿಯಲ್ಲಿ ಬರೆಯಲಿ. ದೀಪಾವಳಿಯ ಹೊತ್ತಿಗೆ ಆ ವಹಿಯನ್ನು ನೋಡಿ ಯಾದಿಯನ್ನು ಮತ್ತೊಮ್ಮೆ ತಿದ್ದಿಕೊಳ್ಳೋಣ. ಮುಚ್ಚಳದ ಕೀಲಿಕೈ ಮುಖ್ಯೋಪಾಧ್ಯಾಯರಲ್ಲಿ ಒಂದು, ತೋಟ ನೋಡಿಕೊಳ್ಳುವವರಲ್ಲಿ ಒಂದು ಇರತಕ್ಕದ್ದು. ಕೊಳವೆಯ ಬಾಯಿಗೆ ಕೂಡಿದ ಎಲೆಕಸವನ್ನು ತೆಗೆಯುವವರು ಅವರೇ ಅಲ್ಲವೆ?